ಹಿಟ್ಟಿನ ಗಿರಣಿಯ ಮುಂದೆ ನಿಂತ ಕಾರು

ನಮ್ಮೂರಿನ ಆಸ್ಪತ್ರೆಗೆ ಯಾರನ್ನಾದರೂ ಸೇರಿಸಲು ಹೋದರೆ ಬಾಗಿಲಲ್ಲಿ ಮೊದಲು ಕೇಳುವುದು ಹೆಸರನ್ನೂ ಅಲ್ಲ, ಕಾಯಿಲೆಯನ್ನೂ ಅಲ್ಲ. ‘ಬ್ರೇಕು ಎಲ್ಲಾದರೂ ಬಾಕಿ ಇದೆಯಾ?’ ಎಂದು ಕೇಳುತ್ತಾರೆ. ಇದೆ ಎಂದರೆ, ರೋಗಿಗೆ ಕೊಂಚವಾದರೂ ತ್ರಾಣವಿದ್ದರೆ, ಹೊತ್ತುಕೊಂಡಾದರೂ ಹೋಗಿ ಬಿಡಿಸಿಕೊಂಡು ಬರಬೇಕು. ಮಂಚ, ಸೂಜಿ, ಔಷಧಿಯೆಲ್ಲ ಆಮೇಲೆ. ಹೊರಗಿನಿಂದ ಬಂದ ಡಾಕ್ಟರುಗಳಿಗೆ ಇದು ಮೊದಮೊದಲು ಕಟುಕತನವೆನಿಸುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅವರೂ ಸ್ಟೆತಾಸ್ಕೋಪನ್ನು ಕಿವಿಗೇರಿಸುವ ಮುಂಚೆ ಇದನ್ನೇ ಕೇಳುವುದನ್ನು ಕಲಿತಿರುತ್ತಾರೆ.

ನಮ್ಮ ಕಾರುಗಳನ್ನು ನಿಲ್ಲಿಸಿ ಇಳಿಯುವಾಗ ಹಾಕುವ ಬ್ರೇಕು ಕೈಗಲ್ಲ, ಕಾಲಿಗೆ. ಎಡಗಡೆಯ ಕೊನೆಯಲ್ಲಿ, ಕ್ಲಚ್ಚಿಗಿಂತಲೂ ಆಚೆ, ಮೂಲೆ ಸೇರಿದ ಸೊಸೆಯ ಹಾಗೆ ಒಂದು ಪುಟ್ಟ ಪೆಡಲು ಇರುತ್ತದೆ. ತುಳಿದರೆ ಒಳಗಿನ ಹಲ್ಲುಗಳು ಕಟಕಟನೆ ಕಚ್ಚಿಕೊಂಡು ಗಾಡಿ ನಿಲ್ಲುತ್ತದೆ. ಇನ್ನೊಮ್ಮೆ ತುಳಿದರೆ ಠಕ್ಕೆಂದು ಮೇಲೇಳುತ್ತದೆ. ಇಂಥ ಪೆಡಲು ಲೋಕದ ಬೇರೆ ಕಡೆಗಳಲ್ಲೂ ಇದೆಯೆಂದು ನಾನು ವಾಚನಾಲಯದ ಪತ್ರಿಕೆಗಳಲ್ಲಿ ಓದಿದ್ದೇನೆ. ನಮ್ಮಲ್ಲಿ ಇರುವ ವ್ಯತ್ಯಾಸ ಒಂದೇ. ಯಾವ ಕಾಲು ತುಳಿದು ನಿಲ್ಲಿಸಿತೋ ಅದೇ ಕಾಲು ತುಳಿದರೆ ಮಾತ್ರ ಬಿಡುತ್ತದೆ. ಯಜಮಾನ ಹಾಕಿದ ಬ್ರೇಕು ಡ್ರೈವರನಿಗೆ ಬಿಡುವುದಿಲ್ಲ, ಗಂಡ ಹಾಕಿದ್ದು ಹೆಂಡತಿಗೆ ಬಿಡುವುದಿಲ್ಲ, ಮಾವ ಹಾಕಿದ್ದು ಅಳಿಯನಿಗಂತೂ ಬಿಡುವುದೇ ಇಲ್ಲ. ಹಿಂದೊಮ್ಮೆ ಕ್ರೇನು ತರಿಸಿ ಎತ್ತಿ ನೋಡಿದ್ದರಂತೆ. ಕಾರಿನ ಜೊತೆ ರಸ್ತೆಯೂ ಏಳತೊಡಗಿದ್ದರಿಂದ ಕೈಬಿಟ್ಟರಂತೆ.

ಹೀಗಾಗಿ ಊರಿನಲ್ಲಿ ಅಲ್ಲಲ್ಲಿ ನಿಂತ ಕಾರುಗಳಿವೆ. ಬ್ರೇಕು ಹಾಕಿ ಇಳಿದವರು ಬಿಡಿಸುವ ಮುಂಚೆ ತೀರಿಕೊಂಡಿದ್ದಾರೆ, ಅಥವಾ ಊರು ಬಿಟ್ಟು ಹೋಗಿದ್ದಾರೆ. ಒಂದರ ಮೇಲೆ ಹಪ್ಪಳ ಒಣಗುತ್ತದೆ, ಇನ್ನೊಂದರೊಳಗೆ ಕೋಳಿ ಕಾವು ಕೂರುತ್ತದೆ, ಸರ್ಕಲ್ಲಿನಲ್ಲಿರುವುದನ್ನು ಬಳಸಿಕೊಂಡೇ ಬಸ್ಸುಗಳು ತಿರುಗುತ್ತವೆ. ಮನೆಯವರು ವರ್ಷಕ್ಕೊಮ್ಮೆ ತಿಥಿಯ ದಿನ ಟೈರುಗಳಿಗೆ ಗಾಳಿ ತುಂಬಿಸಿ, ಗಾಜು ಒರೆಸಿ, ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು ಹೋಗುತ್ತಾರೆ. ನಮ್ಮವರ ನಡಿಗೆಯಲ್ಲೂ ಈ ಪೆಡಲು ಸೇರಿಕೊಂಡಿದೆ. ಕುರ್ಚಿಯಿಂದ ಏಳುವಾಗ ಎಲ್ಲರೂ ಎಡಗಾಲನ್ನು ಒಮ್ಮೆ ನೆಲಕ್ಕೆ ಒತ್ತಿಯೇ ಏಳುತ್ತಾರೆ. ಎಡಗಾಲಿನ ಚಪ್ಪಲಿ ಬೇಗ ಸವೆಯುವುದರಿಂದ ಅಂಗಡಿಗಳಲ್ಲಿ ಅದು ಬಿಡಿಯಾಗಿಯೂ ಸಿಗುತ್ತದೆ.

ಬ್ರೇಕಿನ ಸದ್ದಿಗೂ ಒಂದು ಮರ್ಯಾದೆಯಿದೆ. ಮನೆ ಮುಂದೆ ಕಾರು ನಿಂತರೆ ಒಳಗಿನವರು ತಕ್ಷಣ ಎದ್ದು ಬರುವುದಿಲ್ಲ, ಕಿವಿಗೊಡುತ್ತಾರೆ. ಎರಡು ಮೂರು ಹಲ್ಲು ಕಚ್ಚಿದ ಸದ್ದಾದರೆ ಕಾಫಿಗೆ ನೀರಿಡುತ್ತಾರೆ. ಕೊನೆಯ ಹಲ್ಲಿನವರೆಗೂ ತುಳಿದರೆ ಊಟಕ್ಕೆ ಇನ್ನೊಂದು ಪಾವು ಅಕ್ಕಿ ಹಾಕುತ್ತಾರೆ. ಸದ್ದೇ ಆಗದಿದ್ದರೆ, ಬಂದವರು ಏನನ್ನೋ ಕೊಟ್ಟು ಈಗಲೇ ಹೊರಡುವವರು, ಅಥವಾ ಈಗ ಹೋಗಿ ಈಗಲೇ ವಾಪಸು ಬರುವವರು. ಅಂಥವರಿಗೆ ಯಾರೂ ಚಾಪೆ ಹಾಸುವುದಿಲ್ಲ. ಅವರ ಕಾರನ್ನು ಯಾರೂ ಮುಟ್ಟುವುದೂ ಇಲ್ಲ.

ಇಷ್ಟು ತಿಳಿದಿದ್ದರೆ ನಿಂಗರಾಜು ಮಾಡಿದ್ದು ಎಂಥ ಕೆಲಸವೆಂಬುದು ಹೊರಗಿನವರಿಗೂ ಅರ್ಥವಾದೀತು.

ನಿಂಗರಾಜು ಬಾಡಿಗೆ ಕಾರು ಓಡಿಸುತ್ತಿದ್ದ. ಅವನ ಹೆಂಡತಿ ಜಲಜಾಕ್ಷಿ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ನಾನು ನೋಡಿಕೊಳ್ಳುವ ವಾಚನಾಲಯ ಗಿರಣಿಗೆ ಸರಿಯಾಗಿ ಎದುರಿಗಿದೆ. ಮೌನವಾಗಿರಿ ಎಂಬ ಬೋರ್ಡಿನ ಕೆಳಗೆ ಕೂತು ದಿನವಿಡೀ ಗಿರಣಿಯ ಸದ್ದು ಕೇಳುವುದು ನನ್ನ ಉದ್ಯೋಗ. ಆ ಗದ್ದಲದಲ್ಲೇ ಮಾತಾಡಿ ಅಭ್ಯಾಸವಾಗಿದ್ದ ಗಂಡ ಹೆಂಡಿರಿಬ್ಬರ ದನಿಗಳೂ ಬಹಳ ದೊಡ್ಡವು. ಉಪ್ಪು ಕೊಡಿ ಎನ್ನುವುದನ್ನೂ ಕೆರೆಯ ಆಚೆ ದಡದವರಿಗೆ ಹೇಳುವಂತೆ ಹೇಳುತ್ತಿದ್ದರು. ಗಿರಣಿ ಓಡುತ್ತಿರುವವರೆಗೂ ಅದು ಸಂಸಾರದ ಗುಟ್ಟಾಗಿಯೇ ಉಳಿಯುತ್ತಿತ್ತು.

ನಿಂಗರಾಜುವಿಗೆ ಸಕ್ಕರೆ ಕಾಯಿಲೆಯಿತ್ತು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಆಗಿದ್ದ ಹುಣ್ಣನ್ನು ಅವನು ಸಾಕ್ಸಿನೊಳಗೆ ಬಚ್ಚಿಟ್ಟುಕೊಂಡು ತಿರುಗುತ್ತಿದ್ದ. ನೋವಿಲ್ಲ ಕಣೇ, ಮುಟ್ಟಿದರೂ ಗೊತ್ತಾಗಲ್ಲ ಎಂದು ಹೆಂಡತಿಗೆ ಹೇಳುತ್ತಿದ್ದ. ಅದೇ ಕೆಟ್ಟದ್ದು ಎಂದು ಅವಳು ಹೇಳುತ್ತಿದ್ದಳು. ನಮ್ಮೂರಿನಲ್ಲಿ ಡ್ರೈವರನ ಎಡಗಾಲೆಂದರೆ ಸಂಗೀತಗಾರನ ಕಂಠವಿದ್ದ ಹಾಗೆ. ಅದಕ್ಕೆ ಏನೋ ಆಗಿದೆಯೆಂದು ಗೊತ್ತಾದರೆ ಸಾಕು, ಬಾಡಿಗೆಗೆ ಕರೆಯುವವರು ಬೇರೆಯವರನ್ನು ಹುಡುಕುತ್ತಾರೆ. ಒಂದು ಮಧ್ಯಾಹ್ನ ಗಿರಣಿಯಲ್ಲಿ ಇದೇ ಮಾತಿಗೆ ಜಗಳ ಹತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಂತಿತು, ಜಲಜಾಕ್ಷಿಯ ಮಾತು ನಿಲ್ಲಲಿಲ್ಲ.

“ಆ ಕಾಲು ಕೊಳೆತು ಬಿದ್ದೋದ್ರೆ ನಿಮ್ಮನ್ನ ಹೊತ್ಕೊಂಡು ತಿರುಗೋಕೆ ನನ್ನ ಕೈಲಾಗಲ್ಲ, ಹೇಳಿದೀನಿ.”

ಇಡೀ ಬೀದಿ ಕೇಳಿತು. ಕಟಿಂಗ್ ಶಾಪಿನ ಮುನಿವೆಂಕಟನ ಕತ್ತರಿ ಗಾಳಿಯಲ್ಲೇ ನಿಂತಿತು. ವಾಚನಾಲಯದಲ್ಲಿ ಅರ್ಧ ನಿದ್ದೆಯಲ್ಲಿದ್ದ ಓದುಗರು ಎದ್ದು ಕಿಟಕಿಗೆ ಬಂದರು. ನಿಂಗರಾಜು ಹೊರಗೆ ಬಂದು ಒಮ್ಮೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಆಮೇಲೆ ಕಾರು ಹತ್ತಿ, ಅದನ್ನು ಓರೆಯಾಗಿ ತಿರುಗಿಸಿ, ಮುಂದಿನ ಚಕ್ರ ಗಿರಣಿಯ ಕಲ್ಲು ಮೆಟ್ಟಿಲಿಗೆ ಒರಗುವ ಹಾಗೆ ತಂದು, ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದ. ಎಡಗಾಲನ್ನು ಎತ್ತಿ ಒತ್ತಿದ್ದು ಗಾಜಿನಿಂದ ಎಲ್ಲರಿಗೂ ಕಾಣಿಸಿತು. ಇಳಿದು, ಬಾಗಿಲನ್ನು ಧಡಾರೆಂದು ಬಡಿದು, ಹಿಂತಿರುಗಿ ನೋಡದೆ ಮೇಲಿನ ಪೇಟೆಯಲ್ಲಿದ್ದ ತನ್ನ ಅಕ್ಕ ದೊಡ್ಡತಾಯಮ್ಮನ ಮನೆಗೆ ನಡೆದುಹೋದ.

ಒಬ್ಬರ ಬಾಗಿಲಿಗೆ ಬ್ರೇಕು ಹಾಕಿ ಹೋಗುವುದು ನಮ್ಮಲ್ಲಿ ಜಗಳದ ಕಟ್ಟಕಡೆಯ ಮೆಟ್ಟಿಲು. ಬೈದದ್ದನ್ನು ಮರೆಯಬಹುದು, ಹೊಡೆದದ್ದನ್ನು ಪಂಚಾಯಿತಿಯಲ್ಲಿ ತೀರಿಸಬಹುದು; ಬ್ರೇಕು ಮಾತ್ರ ಹಾಕಿದವನೇ ಬಂದು ಬಿಡಿಸಬೇಕು. ಬರಬೇಕಾದರೆ ಕರೆಯಬೇಕು, ಕರೆದವರು ಸೋತ ಹಾಗೆ. ಆ ಸಂಜೆ ಬೀದಿಯಲ್ಲಿ ಬೇರೆ ಮಾತಿರಲಿಲ್ಲ. ಎಷ್ಟು ಹಲ್ಲು ತುಳಿದ ಎಂಬುದೊಂದೇ ಚರ್ಚೆ. ಮುನಿವೆಂಕಟ ತಾನು ಕಿವಿಯಾರೆ ಕೇಳಿದೆನೆಂದು ‘ಕಟಕಟಕಟಕಟ’ ಎಂದು ಎಡೆಬಿಡದೆ ನಾಲಿಗೆಯಲ್ಲೇ ಬಾರಿಸಿ ತೋರಿಸಿದ. ಕೊನೆಯ ಹಲ್ಲು ಮುರಿಯುವ ಹಾಗಿತ್ತು ಎಂದು ಇನ್ನೊಬ್ಬರು ಹೇಳಿದರು. ನನ್ನ ಕಿವಿ ಚುರುಕೆಂದು ಹೆಸರಾಗಿರುವುದರಿಂದ ನನ್ನನ್ನೂ ಕೇಳಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಮಾರನೆಯ ದಿನದಿಂದ ಗಿರಣಿ ಕಿಟಕಿಯಲ್ಲಿ ನಡೆಯಿತು. ಕಾರಿಗೂ ಗೋಡೆಗೂ ನಡುವೆ ಒಬ್ಬ ಸಪೂರ ಮನುಷ್ಯ ಉಸಿರು ಬಿಗಿಹಿಡಿದು ನುಸುಳುವಷ್ಟು ಜಾಗವಿತ್ತು. ಹೆಂಗಸರು ರಾಗಿ, ಗೋಧಿಯ ಡಬ್ಬಿಗಳನ್ನು ಬಾನೆಟ್ಟಿನ ಮೇಲಿಟ್ಟು ಕಿಟಕಿಗೆ ದಾಟಿಸುತ್ತಿದ್ದರು. ಬೀಸಿದ ಹಿಟ್ಟು ಅದೇ ದಾರಿಯಲ್ಲಿ ಬರುತ್ತಿತ್ತು. ಮೂಟೆ ಬೀಸಿಸುವ ಹೋಟೆಲಿನವರು ಬೇರೆ ಗಿರಣಿಗೆ ಹೋದರು. ವ್ಯಾಪಾರ ಅರ್ಧಕ್ಕೆ ಇಳಿಯಿತು. ಬೂದು ಬಣ್ಣದ ಕಾರು ದಿನೇದಿನೇ ಹಿಟ್ಟಿನಲ್ಲಿ ಮಿಂದು, ಮಳೆ ಬಂದಾಗ ಅಂಟಾಗಿ, ಬಿಸಿಲಿಗೆ ಒಣಗಿ, ಚಳಿಗಾಲದ ಹೊತ್ತಿಗೆ ಬೆಳ್ಳಗೆ ದೋಸೆಯ ಹಾಗಾಯಿತು. ಗಂಡನಿಗೆ ಹೇಳಿಕಳಿಸು ಎಂದು ಹಿರಿಯರು ಬುದ್ಧಿ ಹೇಳಿದರು. ಜಲಜಾಕ್ಷಿ ಕೇಳಿಸಿಕೊಂಡು ಜರಡಿ ಹಿಡಿಯುತ್ತಿದ್ದಳು.

ಒಂದೇ ಒಂದು ವಿಷಯದಲ್ಲಿ ಅವಳು ಬೀದಿಯವರನ್ನು ಬೆಚ್ಚಿಬೀಳಿಸಿದಳು. ಆಗಾಗ ಪಂಕ್ಚರ್ ಅಂಗಡಿಯ ದಸ್ತಗೀರ್ ಸಾಬರನ್ನು ಕರೆದು ಕಾರಿನ ನಾಲ್ಕೂ ಟೈರುಗಳಿಗೆ ಗಾಳಿ ತುಂಬಿಸುತ್ತಿದ್ದಳು. ಸತ್ತವರ ಕಾರಿಗೆ ಮಾಡುವುದನ್ನು ಬದುಕಿರುವವನ ಕಾರಿಗೆ ಮಾಡಬಾರದೆಂದು ಸಾಬರೇ ಹಿಂದೇಟು ಹಾಕಿದರು. ದೊಡ್ಡತಾಯಮ್ಮನಿಗೆ ಸುದ್ದಿ ಮುಟ್ಟಿ ಅವಳು ಬೀದಿಗೆ ಬಂದು ನಿಂತು, ನನ್ನ ತಮ್ಮನ ತಿಥಿ ಈಗಲೇ ಶುರು ಮಾಡಿದ್ದೀಯೇನೇ ಎಂದು ಕೂಗಾಡಿ ಹೋದಳು. ಮುಂದಿನ ವಾರ ಜಲಜಾಕ್ಷಿ ಮತ್ತೆ ಗಾಳಿ ತುಂಬಿಸಿದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ನಿಂಗರಾಜು ಆಸ್ಪತ್ರೆ ಸೇರಿದನೆಂಬ ಸುದ್ದಿ ಬಂತು. ದೊಡ್ಡತಾಯಮ್ಮ ಹೇಳಿಕಳಿಸಿದ್ದರಿಂದ ನಾನು ನೋಡಲು ಹೋದೆ. ಆಸ್ಪತ್ರೆ ನಮ್ಮ ಬೀದಿಯ ಇಳಿಜಾರು ಮುಗಿಯುವಲ್ಲಿಯೇ ಇದೆ. ವರಾಂಡದಲ್ಲಿ ಡಾಕ್ಟರ್ ವಾರಿಜಾ ಸಿಕ್ಕಿದರು. ಕಾಲು ಕಪ್ಪಾಗಿದೆ, ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಆದರೆ ಬ್ರೇಕು ಬಾಕಿಯಿರುವ ಕಾಲನ್ನು ತೆಗೆಯುವ ಹಾಗಿಲ್ಲ, ಅದು ಊರಿನ ಕಟ್ಟಳೆ. ಎಚ್ಚರ ತಪ್ಪಿ ಬಂದಿದ್ದರಿಂದ ಮಂಚವೇನೋ ಕೊಟ್ಟಿದ್ದರು, ಎಚ್ಚರವಾದ ಮೇಲೆ ಅವನು ಹೋಗಿ ಬಿಡಿಸಿ ಬರಲು ಒಪ್ಪುತ್ತಿಲ್ಲ. ಗಿರಣಿ ಇಲ್ಲಿಗೆ ಕೂಗಿದರೆ ಕೇಳುವಷ್ಟು ಹತ್ತಿರ, ಸ್ಟ್ರೆಚರಿನಲ್ಲೇ ತಳ್ಳಿಕೊಂಡು ಹೋಗುತ್ತೇವೆಂದರೂ ಮುಖ ತಿರುಗಿಸುತ್ತಾನಂತೆ.

“ಇವತ್ತಾದರೆ ಪಾದ ಹೋಗುತ್ತೆ, ನಾಳೆಯಾದರೆ ಮೊಣಕಾಲು. ನಾಡಿದ್ದು ನನ್ನನ್ನ ಕೇಳಬೇಡಿ,” ಎಂದರು ಡಾಕ್ಟರು.

ಒಳಗೆ ನಿಂಗರಾಜು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಇಳಿದುಹೋಗಿದ್ದ, ಆದರೆ ದನಿ ಮಾತ್ರ ಇಡೀ ವಾರ್ಡಿಗೆ ಕೇಳುವಷ್ಟು ಇತ್ತು. ನಾನು ಹಿರಿಯನಂತೆ ನಾಲ್ಕು ಮಾತು ಹೇಳಿದೆ. ಜೀವಕ್ಕಿಂತ ಹಟ ದೊಡ್ಡದಲ್ಲ ಎಂಬುದನ್ನು ಎಷ್ಟು ಬಗೆಯಾಗಿ ಹೇಳಬಹುದೋ ಅಷ್ಟೂ ಬಗೆಯಾಗಿ ಹೇಳಿದೆ. ಅವನು ಸೂರು ನೋಡುತ್ತಿದ್ದ.

“ಅವಳು ಬಾ ಅಂದ್ರೆ ಬರ್ತೀನಿ ರಾಯರೇ,” ಎಂದ ಕೊನೆಗೆ. ಕಿಟಕಿಯ ಕಡೆ ಹೊರಳಿ, “ಅನ್ನದಿದ್ರೂ ಚಿಂತೆಯಿಲ್ಲ. ಈ ಕಾಲು ಹೋಗೋದಂತೂ ಗ್ಯಾರಂಟಿ. ಇದು ತುಳಿದದ್ದು ಅಂತ ಊರಲ್ಲಿ ಒಂದು ಉಳ್ಕೊಳ್ಳಲಿ ಬಿಡಿ,” ಎಂದ.

ಬೇರೆ ಕಡೆ ಮನುಷ್ಯರು ಉಳಿದುಹೋಗಲೆಂದು ಕೆರೆ ಕಟ್ಟಿಸುತ್ತಾರೆ, ಕಾದಂಬರಿ ಬರೆಯುತ್ತಾರೆ. ನಮ್ಮವನು ಹೆಂಡತಿಯ ಗಿರಣಿಗೆ ಅಡ್ಡ ನಿಲ್ಲಿಸಿದ ಕಾರನ್ನು ನಂಬಿಕೊಂಡಿದ್ದ.

ವಾಪಸು ಬಂದವನು ನೇರ ಗಿರಣಿಗೆ ಹೋದೆ. ಕಾರಿನ ಪಕ್ಕ ನುಸುಳುವಾಗ ಪಂಚೆಯೆಲ್ಲ ಹಿಟ್ಟಾಯಿತು. ಬೀಸುವ ಯಂತ್ರ ಓಡುತ್ತಿತ್ತು, ಹಾಗಾಗಿ ವಿಷಯವನ್ನೆಲ್ಲ ಕಿರಿಚಿಯೇ ಹೇಳಬೇಕಾಯಿತು. ಕಪ್ಪಾದ ಕಾಲನ್ನು ಕಿರಿಚಿದೆ, ಡಾಕ್ಟರರ ಮಾತನ್ನು ಕಿರಿಚಿದೆ. ನೀನೊಮ್ಮೆ ಬಾ ಅಂದರೆ ಸಾಕಂತೆ ಎಂದು ಕಿರಿಚುವ ಹೊತ್ತಿಗೆ ಅವಳು ಸ್ವಿಚ್ಚು ಆರಿಸಿದ್ದರಿಂದ ಆ ಕೊನೆಯ ಮಾತು ಬೀದಿಗೆಲ್ಲ ಕೇಳಿಸಿತು.

ಜಲಜಾಕ್ಷಿ ಕೇಳಿದ್ದು ಒಂದೇ. “ಬ್ರೇಕು ಬಾಕಿಯಿದೆ ಅಂತ ಆಪರೇಷನ್ ನಿಲ್ಲಿಸಿದಾರಾ?”

ಹೌದೆಂದೆ.

“ಬೆಳಿಗ್ಗೆಯಿಂದಾನಾ?”

ನಿನ್ನೆಯಿಂದ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಸಿಟ್ಟು ನನ್ನ ಮೇಲೋ, ಗಂಡನ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ. ಆಮೇಲೆ ಬಕೆಟ್ಟಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಜರಡಿ ನೇತುಹಾಕುವ ಮೊಳೆಯಿಂದ ಕಾರಿನ ಇನ್ನೊಂದು ಬೀಗದ ಕೈ ತೆಗೆದುಕೊಂಡಳು. ಕಿಟಕಿಯ ಮುಂದೆ ಡಬ್ಬಿ ಹಿಡಿದು ನಿಂತಿದ್ದವರನ್ನು ಸರಿಸಿ, ಕಾರಿನ ಬಾಗಿಲು ತೆಗೆದು ಒಳಗೆ ಕೂತಳು. ಬೀಗದ ಕೈ ತಿರುಗಿಸಿದಳು. ಇಷ್ಟು ತಿಂಗಳು ನಿಂತಿದ್ದ ಬ್ಯಾಟರಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಅವಳು ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

“ಮುನಿಯಣ್ಣ, ಸಾಬರೇ, ಬನ್ನಿ. ಹಿಂದಕ್ಕೆ ಒಂದಿಷ್ಟು ತಳ್ಳಿ.”

ಯಾರೂ ಕದಲಲಿಲ್ಲ. ಬ್ರೇಕು ಹಾಕಿದ ಕಾರನ್ನು ತಳ್ಳಿ ಎನ್ನುವುದು ಗುಡ್ಡವನ್ನು ತಳ್ಳಿ ಎಂದ ಹಾಗೆ. ಪಾಪ, ಸಂಕಟದಲ್ಲಿ ತಲೆ ಕೆಟ್ಟಿದೆ ಎಂದು ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ದಸ್ತಗೀರ್ ಸಾಬರು ಹತ್ತಿರ ಬಂದು ಮೆತ್ತಗೆ, ಇದು ನಿಂಗರಾಜಣ್ಣನ ಕಾಲಿನದು ತಾಯಿ, ನಮ್ಮಿಂದ ಆಗುವುದಲ್ಲ ಎಂದು ತಿಳಿಹೇಳಿದರು. ಜಲಜಾಕ್ಷಿ, “ನಿಮ್ಮ ಕೈ ಸವೆಯಲ್ಲ, ಇಟ್ಟು ನೋಡಿ,” ಎಂದಳು. ಸಾಬರು ಅವಳ ಸಮಾಧಾನಕ್ಕೆಂದು ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು, ದೊಡ್ಡವರ ಕಾಲು ಮುಟ್ಟುವಷ್ಟೇ ಬಲದಲ್ಲಿ ಒತ್ತಿದರು. ಕಾರು ಮೆಟ್ಟಿಲಿನಿಂದ ಹಿಂದೆ ಸರಿಯಿತು.

ಸಾಬರು ಕೈಗಳನ್ನು ಹಿಂದಕ್ಕೆಳೆದುಕೊಂಡು ಅವನ್ನೇ ನೋಡಿಕೊಂಡರು. ಕಾರು ಮತ್ತೆ ಮುಂದೆ ಬಂದು ಮೆಟ್ಟಿಲಿಗೆ ಒರಗಿತು. “ಇನ್ನೂ ಸ್ವಲ್ಪ ತಳ್ರಿ, ಹೊತ್ತಾಗ್ತಿದೆ,” ಎಂದಳು ಜಲಜಾಕ್ಷಿ. ಈ ಸಲ ಮುನಿವೆಂಕಟನೂ ಅವನ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದವರೂ ಸೇರಿದರು. ನಾನೂ ಒಂದು ಕೈ ಕೊಟ್ಟೆನೆಂದು ನೆನಪು. ಕಾರು ಹಿಂದಕ್ಕೆ ಬಂದು ಬೀದಿಗೆ ಬಿತ್ತು. ಅವಳು ಮೈಯೆಲ್ಲ ಬಾಗಿಸಿ ಸ್ಟೀರಿಂಗ್ ತಿರುಗಿಸಿದಳು. ಇಳಿಜಾರು ಉಳಿದದ್ದನ್ನು ನೋಡಿಕೊಂಡಿತು.

ಆ ಬಿಳಿಯ ಕಾರು ಎಂಜಿನ್ನಿನ ಸದ್ದಿಲ್ಲದೆ ಇಳಿದು ಹೋದದ್ದನ್ನು ನಮ್ಮ ಬೀದಿ ಮರೆಯುವ ಹಾಗಿಲ್ಲ. ವೇಗ ಹೆಚ್ಚಿದಂತೆ ತಿಂಗಳುಗಟ್ಟಲೆ ಕೂತಿದ್ದ ಹಿಟ್ಟು ಹೊಗೆಯ ಹಾಗೆ ಎದ್ದು ಹಾರತೊಡಗಿತು. ಎದುರಿಗೆ ಬಂದವರು ಗೋಡೆಗೆ ಅಂಟಿ ನಿಂತರು. ಹಾರನ್ನು ಸತ್ತಿದ್ದರಿಂದ ಜಲಜಾಕ್ಷಿ ಕಿಟಕಿಯಿಂದ ತನ್ನ ಗಿರಣಿಯ ದನಿಯಲ್ಲೇ ದಾರಿ ಬಿಡಿಸಿಕೊಂಡಳು. ನಾವೆಲ್ಲ ಹಿಂದೆ ಓಡಿದೆವು.

ಆಸ್ಪತ್ರೆಯೊಳಗೆ ಆಮೇಲೆ ನಡೆದದ್ದರಲ್ಲಿ ಮೊದಲ ಭಾಗವನ್ನು ನರ್ಸಿನ ಬಾಯಿಂದ ಕೇಳಿದ್ದೇನೆ. ನಿಂಗರಾಜು ಕಣ್ಣು ಮುಚ್ಚಿ ಮಲಗಿದ್ದನಂತೆ. ಕಿಟಕಿಯ ಹೊರಗೆ ಗೇಟಿನ ಹತ್ತಿರ ಒಂದು ಬ್ರೇಕು ಬಿದ್ದ ಸದ್ದಾಯಿತು. ಕಟ, ಕಟ, ಕಟ, ನಡುವೆ ಒಂದು ಹಲ್ಲು ತಪ್ಪಿದ ಮೌನ, ಮತ್ತೆ ಕಟ, ಕಟ, ಕೊನೆಯವರೆಗೂ. ಅವನು ಎದ್ದು ಕೂತನಂತೆ.

“ನನ್ನ ಗಾಡಿ,” ಎಂದನಂತೆ. “ಒಂದು ಹಲ್ಲು ಸವೆದಿದೆ. ನನ್ನ ಗಾಡಿ ಬಿಟ್ರೆ ಯಾವುದೂ ಹಂಗೆ ತೊದಲಲ್ಲ.”

ನರ್ಸು ಇದನ್ನು ಹೇಳಿದಾಗಲೇ ನನಗೆ ಮುನಿವೆಂಕಟ ಎಡೆಬಿಡದೆ ಬಾರಿಸಿದ ಕಟಕಟ ನೆನಪಾದದ್ದು. ಆ ಕಾರಿನ ತೊದಲನ್ನು ಬೀದಿಯಲ್ಲಿ ನಾವೆಲ್ಲರೂ ವರ್ಷಗಟ್ಟಲೆ ಕೇಳಿದವರೇ. ಜಗಳದ ದಿನ ಅದು ನಮಗ್ಯಾರಿಗೂ ಕೇಳಿಸಿರಲಿಲ್ಲ, ಕೇಳಿಸಲಿಲ್ಲವೆಂಬುದು ಹೊಳೆದೂ ಇರಲಿಲ್ಲ. ಕಾಲು ಎತ್ತಿದ್ದನ್ನು ಕಂಡೆವು. ಸದ್ದನ್ನು ನಾವೇ ಹಾಕಿಕೊಂಡೆವು.

ನಾನು ಏದುಸಿರು ಬಿಡುತ್ತ ವಾರ್ಡಿಗೆ ಬಂದಾಗ ಜಲಜಾಕ್ಷಿ ಮಂಚದ ಪಕ್ಕ ನಿಂತಿದ್ದಳು. ತಲೆಗೂದಲು, ರೆಪ್ಪೆ, ಮೂಗುತಿ ಎಲ್ಲ ಹಿಟ್ಟು. ದೊಡ್ಡತಾಯಮ್ಮ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಿದ್ದಳು. ಗಂಡ ಹೆಂಡಿರು ಮೊದಲ ಬಾರಿಗೆ ಮೆಲ್ಲಗೆ ಮಾತಾಡುತ್ತಿದ್ದರು. ಕೇಳಿಸಿಕೊಳ್ಳಲು ನಾನು ಬಾಗಿಲಲ್ಲೇ ನಿಲ್ಲಬೇಕಾಯಿತು.

“ನಾನು ಬ್ರೇಕು ಹಾಕಿರಲಿಲ್ವಾ?” ಎಂದ ನಿಂಗರಾಜು.

“ಇಲ್ಲ.”

“ನಿಂಗೆ ಯಾವಾಗ ಗೊತ್ತಾಯ್ತು?”

“ಅವತ್ತೇ. ಕರೆಂಟು ಹೋಗಿತ್ತಲ್ಲ. ನೀವು ಬಾಗಿಲು ಬಡಿದಿದ್ದು ಕೇಳಿಸ್ತು, ಚಪ್ಪಲಿ ಸದ್ದು ಕೇಳಿಸ್ತು. ಇದೊಂದು ಕೇಳಿಸ್ಲಿಲ್ಲ.”

“ಮತ್ತೆ ತಳ್ಳಿಸಿ ಆಚೆಗೆ ಹಾಕಿಸೋದಲ್ವೇನೇ? ವ್ಯಾಪಾರ ಎಲ್ಲ ಹಾಳು ಮಾಡ್ಕೊಂಡು.”

“ಬ್ರೇಕು ಹಾಕ್ದೆ ಹೋದೋರು ಈಗ ಬರ್ತೀನಿ ಅಂತ ಹೋಗಿರ್ತಾರೆ,” ಎಂದಳು ಜಲಜಾಕ್ಷಿ. “ಅಂಥೋರ ಗಾಡಿ ಮುಟ್ಟಬಾರದು. ಬಂದಾಗ ಹೊರಡೋಕೆ ತಯಾರಿರಲಿ ಅಂತ ಗಾಳಿ ತುಂಬಿಸ್ತಿದ್ದೆ.”

ನಿಂಗರಾಜು ಬ್ಯಾಂಡೇಜಿನ ಕಡೆ ನೋಡಿದ. ಸುಳ್ಳು ಹೇಳಿ ಇದನ್ನು ಚೆನ್ನಾಗಿಯೇ ಮುಗಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ.

“ನಾನು ತುಳಿದೆ ಅಂತಲೇ ಅನ್ಕೊಂಡಿದ್ದೆ ಕಣೆ. ಸಿಟ್ಟಲ್ಲಿ ಪೂರ್ತಿ ತುಳಿಬೇಕು ಅಂತಲೇ ಇತ್ತು. ಕಾಲಿಗೆ ಏನೂ ಗೊತ್ತಾಗ್ತಿರಲಿಲ್ಲ.”

“ಕಾಲಿಗೆ ಗೊತ್ತಿತ್ತು,” ಎಂದಳು ಅವಳು. “ನಿಮಗೆ ಗೊತ್ತಿರಲಿಲ್ಲ.”

ನರ್ಸು ಕಾಗದ ಹಿಡಿದುಕೊಂಡು ಬಂದಳು. ಎಲ್ಲವೂ ಎದುರಿಗೇ ನಡೆದಿದ್ದರೂ ಕಟ್ಟಳೆ ಕಟ್ಟಳೆಯೇ. ಬ್ರೇಕು ಎಲ್ಲಾದರೂ ಬಾಕಿ ಇದೆಯಾ ಎಂದು ಕೇಳಿದಳು.

“ನಂದು ಇಲ್ಲಮ್ಮ,” ಎಂದ ನಿಂಗರಾಜು. “ಹೊರಗಿರೋದು ಇವಳದು.”

ಅವನನ್ನು ಒಳಗೆ ಕರೆದುಕೊಂಡು ಹೋದರು. ಪಾದ ಹೋಯಿತು, ಮೊಣಕಾಲು ಉಳಿಯಿತು. ಗೇಟಿಗೆ ಅಡ್ಡಲಾಗಿ ನಿಂತಿದ್ದ ಬಿಳಿಯ ಕಾರಿನಿಂದ ಆಂಬುಲೆನ್ಸಿನವರಿಗೆ ಬಹಳ ತೊಂದರೆಯಾಯಿತು. ಅವರು ಹಿಂಬಾಗಿಲಿನಿಂದ ಓಡಾಡಿದರು, ಗೊಣಗಿದರು. ಆದರೆ ಜಲಜಾಕ್ಷಿಯ ಹತ್ತಿರ ಹೋಗಿ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಕೊನೆಯ ಹಲ್ಲಿನವರೆಗೂ ತುಳಿದದ್ದನ್ನು ಆಸ್ಪತ್ರೆಯಿಡೀ ಕೇಳಿತ್ತು. ಆ ಸಂಜೆ ಕ್ಯಾಂಟೀನಿನವನು ವಾರ್ಡಿಗೆ ಊಟ ತಂದಾಗ, ಯಾರೂ ಹೇಳದೆಯೇ, ಒಂದು ತಟ್ಟೆ ಹೆಚ್ಚಿಗೆ ತಂದು ಅವಳ ಮುಂದೆ ಇಟ್ಟು ಹೋದ.